ಒಂದೇ ಪಡಸಾಲೆ, ಎರಡು ಚಿತ್ರೀಕರಣ: ಬಳ್ಳಾರಿಯ ಸಿನಿಮಾ ವಿದ್ಯಾರ್ಥಿನಿಯೊಬ್ಬರ ಪ್ರಕರಣ

ಈ ಪ್ರಕರಣ ಬಳ್ಳಾರಿಯ ಕಾಲೇಜೊಂದರ ಸಿನಿಮಾ ಮತ್ತು ಟಿವಿ ತಯಾರಿಕೆಯ ಸ್ನಾತಕೋತ್ತರ ತರಗತಿಯದು. ನಾನು ಆ ಪ್ರಾಜೆಕ್ಟಿಗೆ ಮಾರ್ಗದರ್ಶಿಯಾಗಿದ್ದೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಆಕೆಯ ಊರು, ಕಲಾವಿದರು, ಸಹಪಾಠಿಗಳು ಯಾರೆಂದು ಗೊತ್ತಾಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕೆಲಸ ನಡೆದ ಕ್ರಮ, ಎದುರಾದ ತೊಡಕು, ಆಯಾ ಹೊತ್ತಿಗೆ ಆಕೆ ಮಾಡಿದ ತೀರ್ಮಾನಗಳು ಮಾತ್ರ ಇದ್ದ ಹಾಗೇ ಇವೆ. ಕಿರುಚಿತ್ರ ಮಾಡಲು ಹೊರಡುವವರು ಮೊದಲು ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಎಂದು ಕೇಳುತ್ತಾರೆ. ತನ್ನ ನಟರು ಅಭಿನಯ ಎಲ್ಲಿ ಕಲಿತು ಬಂದವರು ಎಂದು ಕೇಳಿಕೊಳ್ಳುವವರು ಕಡಿಮೆ. ಈ ಪ್ರಕರಣದಲ್ಲಿ ಎಲ್ಲವೂ ಆ ಪ್ರಶ್ನೆಯ ಸುತ್ತಲೇ ತಿರುಗಿತು.

ಹಿನ್ನೆಲೆ

ವಿದ್ಯಾರ್ಥಿನಿ ರಾಯಚೂರು ಜಿಲ್ಲೆಯವರು. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ಊರು. ಮೇಲ್ಭಾಗದ ಗದ್ದೆಗಳಲ್ಲಿ ಭತ್ತ ತೆನೆ ಬಿಡುವಾಗ ಇಲ್ಲಿನ ರೈತರು ನಾಲೆಗೆ ಇಳಿದು ನೀರು ಬಂತೇ ಎಂದು ನೋಡುವ ಕಡೆ. ಅಂಥ ಊರಲ್ಲಿ ಎರಡೆಕರೆ ಹೊಲದ ಜಗಳ ಹೇಗಿರುತ್ತದೆ ಎಂಬುದು ಆಕೆಗೆ ಮನೆಯಲ್ಲೇ ಗೊತ್ತಿತ್ತು.

ಕೋರ್ಸಿನ ನಿಯಮ ಹೀಗಿತ್ತು. ಮೂರನೇ ಸೆಮಿಸ್ಟರಿನಲ್ಲಿ ಒಂದೇ ಕ್ಯಾಮೆರಾದಿಂದ, ಹೊರಗಿನ ಸ್ಥಳದಲ್ಲಿ, ಹನ್ನೆರಡು ನಿಮಿಷದ ಕಿರುನಾಟಕ. ನಾಲ್ಕನೇ ಸೆಮಿಸ್ಟರಿನಲ್ಲಿ ಮೂರು ಕ್ಯಾಮೆರಾ ಬಳಸಿ ಸ್ಟುಡಿಯೊದಲ್ಲಿ ಒಂದು ಟಿವಿ ಕಾರ್ಯಕ್ರಮ. ಮೊದಲನೆಯದು ಸಿನಿಮಾ, ಎರಡನೆಯದು ಬರೀ ಪರೀಕ್ಷೆಗೆ ಬೇಕಾದ ಕೆಲಸ ಎಂಬ ಭಾವನೆ ತರಗತಿಯಲ್ಲಿ ಗಟ್ಟಿಯಾಗಿತ್ತು. ಸ್ಟುಡಿಯೊ ಎಂದರೆ ಸುದ್ದಿ ಓದುವ ಜಾಗ, ಇಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸುವ ಜಾಗ. ಈಕೆಯೂ ನಾಲ್ಕನೇ ಸೆಮಿಸ್ಟರಿಗೆ ಒಂದು ಸಂದರ್ಶನ ಮಾಡಿ ಮುಗಿಸುವ ಯೋಚನೆಯಲ್ಲಿದ್ದರು.

ಕಿರುನಾಟಕದ ಕಥೆ ಗಟ್ಟಿಯಾಗಿತ್ತು. ನಾಗರಪಂಚಮಿಗೆ ತವರಿಗೆ ಬಂದ ಮಗಳು. ಪಡಸಾಲೆಯಲ್ಲಿ ಕೂತಿದ್ದಾಳೆ. ತಾಯಿ ಎಳ್ಳುಂಡಿ, ಶೇಂಗಾ ಉಂಡಿ ತಟ್ಟೆಯಲ್ಲಿಟ್ಟು ತಂದು ಮುಂದಿಡುತ್ತಾಳೆ. ಅಣ್ಣ ಆ ತಟ್ಟೆಯ ಪಕ್ಕದಲ್ಲೇ ಹಕ್ಕು ಬಿಡುಗಡೆ ಪತ್ರ ಇಡುತ್ತಾನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆದ್ದರಿಂದಲೇ ಅಣ್ಣನಿಗೆ ತಂಗಿಯ ಸಹಿ ಬೇಕು. ಮೂರೇ ಪಾತ್ರ, ಒಂದೇ ಜಾಗ, ಒಂದೇ ಮಧ್ಯಾಹ್ನ. ತಾಯಿ ಯಾರ ಪರ ಎಂಬುದು ಕೊನೆಯವರೆಗೂ ತಿಳಿಯಬಾರದು.

ತಾಯಿಯ ಪಾತ್ರಕ್ಕೆ ಬಳ್ಳಾರಿಯ ಹಿರಿಯ ಕಲಾವಿದೆಯೊಬ್ಬರು ಒಪ್ಪಿದರು. ಚಿಕ್ಕ ವಯಸ್ಸಿಗೇ ನಾಟಕ ಕಂಪನಿ ಸೇರಿ ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ತಿರುಗಿದವರು. ಇಂಥವರು ಈ ಊರಲ್ಲಿ ಸಿಗುವುದು ಆಶ್ಚರ್ಯವಲ್ಲ. ವಕೀಲಿಕೆಯ ಜೊತೆಗೇ ರಂಗಭೂಮಿಯಲ್ಲಿ ಹೆಸರಾದ ಬಳ್ಳಾರಿ ರಾಘವ (1880–1946) ಅವರ ಊರು ಇದು. ಅವರ ಹೆಸರಿನ ಕಲಾಮಂದಿರ ಇಲ್ಲಿದೆ. ಸುಭದ್ರಮ್ಮ ಮನ್ಸೂರರಂಥ ವೃತ್ತಿರಂಗಭೂಮಿಯ ಕಲಾವಿದೆ, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ ಇಬ್ಬರೂ ಇಲ್ಲಿಯವರೆಂದೇ ಹೆಸರಾದವರು. ಸುತ್ತಲ ಹಳ್ಳಿಗಳಲ್ಲಿ ಇವತ್ತಿಗೂ ಬಯಲಾಟಕ್ಕೆ ಜನ ಬೆಳಗಿನ ತನಕ ಕೂರುತ್ತಾರೆ.

ತಂಗಿಯ ಪಾತ್ರಕ್ಕೆ ಕೊಪ್ಪಳದ ಯುವತಿ, ಬೀದಿನಾಟಕ ಮಾಡಿ ಅಭ್ಯಾಸವಿದ್ದವರು. ಅಣ್ಣನಾಗಿ ಸಹಪಾಠಿ. ಆತ ಸಿನಿಮಾ ನೋಡಿ ನೋಡಿ ಅಭಿನಯ ಕಲಿತವನು. ತುಟಿ ಅಲ್ಲಾಡದಷ್ಟು ಮೆತ್ತಗೆ ಮಾತಾಡುತ್ತಿದ್ದ, ಕಣ್ಣಲ್ಲೇ ಹೇಳುತ್ತಿದ್ದ. ಮೂರು ಜನ ಮೂರು ಬೇರೆ ಬೇರೆ ಶಾಲೆಯವರು ಎಂಬುದನ್ನು ಆಗ ಯಾರೂ ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ.

ಮೊದಲ ಚಿತ್ರೀಕರಣ

ದಸರಾ ರಜೆಯಲ್ಲಿ ವಿದ್ಯಾರ್ಥಿನಿಯ ಊರಿನ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಚಿತ್ರೀಕರಣ. ನೋಡಿದವರಿಗೆ ಆಸೆಯಾಗುವಂಥ ಪಡಸಾಲೆ. ಮೇಲಿನ ಬೆಳಕಿಂಡಿಯಿಂದ ಒಂದು ಚೌಕ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಆ ಬಿಸಿಲೇ ಮೊದಲ ತೊಡಕಾಯಿತು. ನೆಲದ ಮೇಲಿದ್ದ ಚೌಕ ಒಂದು ಗಂಟೆಯೊಳಗೆ ಗೋಡೆ ಏರುತ್ತಿತ್ತು. ಬೆಳಗ್ಗೆ ತೆಗೆದ ತಾಯಿಯ ಮಾತಿಗೆ ಮಧ್ಯಾಹ್ನ ತೆಗೆದ ಮಗಳ ಉತ್ತರ ಜೋಡಿಸಿದರೆ ಇಬ್ಬರೂ ಬೇರೆ ಬೇರೆ ದಿನ ಕೂತು ಮಾತಾಡಿದಂತೆ ಕಾಣುತ್ತಿತ್ತು.

ಶಬ್ದದ ಕಥೆ ಬೇರೆ. ನವರಾತ್ರಿಯಾದ್ದರಿಂದ ಸಂಜೆಯಾದರೆ ಗುಡಿಯಲ್ಲಿ ದೇವಿ ಪುರಾಣದ ಮೈಕು. ಹಗಲು ಹಿಟ್ಟಿನ ಗಿರಣಿ. ಎರಡೂ ಇಲ್ಲದ ಹೊತ್ತು ನೋಡಿ ತೆಗೆಯಬೇಕು. ಅದರ ಮೇಲೆ, ಹಿರಿಯ ಕಲಾವಿದೆಯ ಧ್ವನಿ. ತಗಡಿನ ಥಿಯೇಟರಿನ ಕೊನೆಯ ಸಾಲಿಗೆ ಕೇಳಿಸಿ ಬೆಳೆದ ಧ್ವನಿ ಅದು. ಸೀರೆಯ ಸೆರಗಿನೊಳಗೆ ಸಿಕ್ಕಿಸಿದ ಲೇಪಲ್ ಮೈಕಿಗೆ ಒಂದು ಮಟ್ಟ ನಿಗದಿ ಮಾಡಿದರೆ, ಮೆತ್ತಗಿನ ಮಾತು ಸರಿ ಬರುತ್ತಿತ್ತು, ಏರುದನಿಯ ಮಾತು ಒಡೆದುಹೋಗುತ್ತಿತ್ತು. ಒಡೆದ ಡಿಜಿಟಲ್ ಧ್ವನಿಯನ್ನು ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ರಿಪೇರಿ ಮಾಡುವುದಿಲ್ಲ.

ಆದರೆ ಇವೆಲ್ಲ ಎಲ್ಲರಿಗೂ ಬರುವ ತೊಂದರೆ. ನಿಜವಾದ ತೊಡಕು ಇನ್ನೊಂದಿತ್ತು.

ಒಂದೇ ಕ್ಯಾಮೆರಾದ ಕೆಲಸದಲ್ಲಿ ಮೊದಲು ಇಡೀ ದೃಶ್ಯವನ್ನು ದೂರದಿಂದ ಮಾಸ್ಟರ್ ಶಾಟ್ ಆಗಿ ತೆಗೆಯುತ್ತಾರೆ. ಆಮೇಲೆ ಅದೇ ಮಾತುಗಳನ್ನು ಒಬ್ಬೊಬ್ಬರ ಹತ್ತಿರದಿಂದ ಮತ್ತೆ ಮತ್ತೆ. ಇವೆಲ್ಲ ಎಡಿಟಿಂಗ್‌ನಲ್ಲಿ ಒಂದಕ್ಕೊಂದು ಕೂಡಬೇಕಾದರೆ ಮಾಸ್ಟರ್‌ನಲ್ಲಿ ಯಾವ ಪದಕ್ಕೆ ಕೈ ತಟ್ಟೆಯತ್ತ ಹೋಯಿತೋ ಹತ್ತಿರದ ಶಾಟ್‌ನಲ್ಲೂ ಅದೇ ಪದಕ್ಕೆ ಹೋಗಬೇಕು. ಹಿರಿಯ ಕಲಾವಿದೆಯದು ಇದಕ್ಕೆ ತದ್ವಿರುದ್ಧವಾದ ಶಿಕ್ಷಣ. ಕಂಪನಿ ನಾಟಕದಲ್ಲಿ ಇವತ್ತಿನ ಜನ ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಎದುರಿನ ನಟ ಯಾವ ಬಿಗಿಯಲ್ಲಿ ಮಾತು ಕೊಟ್ಟ ಎಂಬುದನ್ನು ಹಿಡಿದು ಪ್ರತಿ ರಾತ್ರಿ ಅಭಿನಯ ಸ್ವಲ್ಪ ಸ್ವಲ್ಪ ಹೊರಳುತ್ತದೆ. ಅದು ಅಲ್ಲಿ ಜಾಣತನ. ಇಲ್ಲಿ ಅದೇ ಕಂಟಿನ್ಯುಯಿಟಿ ದೋಷ. ಒಂದು ಟೇಕಿನಲ್ಲಿ ಸೆರಗು ಎಳೆದುಕೊಂಡರು, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಉಂಡಿ ಮುರಿದರು, ಇನ್ನೊಂದರಲ್ಲಿ ತಟ್ಟೆ ಸರಿಸಿದರು.

ಅವರ ಹತ್ತಿರದ ಶಾಟ್ ತೆಗೆಯುವ ಹೊತ್ತಿಗೆ ಅಣ್ಣನ ಪಾತ್ರಧಾರಿ ಚಹಾ ಕುಡಿಯಲು ಹೊರಗೆ ಹೋಗಿದ್ದ. ಲೈಟಿನ ಸ್ಟ್ಯಾಂಡಿಗೆ ಒಂದು ಕಾಗದ ಅಂಟಿಸಿ, ಅದನ್ನೇ ಮಗ ಎಂದುಕೊಂಡು ಮಾತಾಡಿ ಎಂದರು. ಅವರು ಒಂದು ಗಳಿಗೆ ನೋಡಿ, "ಇದಕ್ಕ ಏನ್ ಹೇಳ್ಲವಾ? ಇದು ನನ್ ಮಾತ್ ಕೇಳ್ತೈತೇನು?" ಎಂದರು. ಸಿಟ್ಟಿನ ಮಾತಲ್ಲ. ನಿಜಕ್ಕೂ ಕೇಳಿದ ಪ್ರಶ್ನೆ. ಈ ಪ್ರಕರಣದ ಕೀಲಿ ಅಲ್ಲಿಯೇ ಇತ್ತೆಂದು ನನ್ನ ಅಭಿಪ್ರಾಯ.

ಏನೇನು ಮಾಡಿ ನೋಡಿದರು

ಮೊದಲು ಸೀಮೆಸುಣ್ಣದ ಗುರುತು, ಪ್ರತಿ ಪದಕ್ಕೂ ಕೈ ಎಲ್ಲಿರಬೇಕೆಂಬ ಸೂಚನೆ. ಅವರು ಶ್ರದ್ಧೆಯಿಂದ ಹಾಗೇ ಮಾಡಿದರು. ಶಾಟ್‌ಗಳು ಕೂಡಿದವು, ಅಭಿನಯ ಸತ್ತುಹೋಯಿತು. ಕೈ ನೆನಪಿಡುವುದರಲ್ಲಿ ಕಣ್ಣು ಖಾಲಿಯಾಗಿತ್ತು.

ಆಮೇಲೆ, "ಅವ್ವಾರೆ, ಸ್ವಲ್ಪ ಕಮ್ಮಿ ಮಾಡ್ರಿ, ಕ್ಯಾಮೆರಾ ಹತ್ರ ಐತಿ" ಎಂಬ ಮಾತು. ಕಮ್ಮಿ ಮಾಡಿದರು. ತಾಯಿಯ ಪಾತ್ರವೇ ಕಮ್ಮಿಯಾಯಿತು. ಸಿನಿಮಾದವರು ರಂಗನಟರಿಗೆ ಕೊಡುವ ಈ ಸಲಹೆ ಬಹಳ ಸಲ ಅರ್ಧ ಸಲಹೆ. ಧ್ವನಿ ಎಷ್ಟಿರಬೇಕು ಎಂಬುದನ್ನು ನಟಿ ಒಬ್ಬಳೇ ತೀರ್ಮಾನಿಸುವುದಿಲ್ಲ. ಎದುರಿಗಿರುವವರ ದೂರ, ಅವರ ಧ್ವನಿ, ಕೇಳುವವರು ಇದ್ದಾರೋ ಇಲ್ಲವೋ ಎಂಬುದು ತೀರ್ಮಾನಿಸುತ್ತದೆ. ಅದನ್ನು ಒದಗಿಸದೆ ಕಮ್ಮಿ ಮಾಡಿ ಎಂದರೆ ನಟಿ ಮಾತನ್ನಷ್ಟೇ ಅಲ್ಲ, ಭಾವವನ್ನೂ ಇಳಿಸುತ್ತಾಳೆ.

ಎಡಿಟಿಂಗ್‌ನಲ್ಲಿ ಕೂಡದ ಕಡೆಯಲ್ಲೆಲ್ಲ ಉಂಡಿ ತಟ್ಟೆಯ, ಗೋಡೆ ಗಡಿಯಾರದ, ಬಾಗಿಲ ತೋರಣದ ಶಾಟ್ ತುಂಬಿದರು. ಆ ಹೊತ್ತಿಗೆ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಬದಿಗೆ ಇರಬೇಕೆಂಬುದು 180 ಡಿಗ್ರಿ ನಿಯಮ. ಬಿಸಿಲು ತಪ್ಪಿಸಲು ಒಂದೆರಡು ಶಾಟ್‌ನಲ್ಲಿ ಕ್ಯಾಮೆರಾವನ್ನು ಆಚೆ ಬದಿಗೆ ಸಾಗಿಸಿದ್ದರು. ಪರದೆಯ ಮೇಲೆ ಅಣ್ಣ ತಂಗಿ ಇಬ್ಬರೂ ಬಲಕ್ಕೇ ನೋಡುತ್ತ ಮಾತಾಡುತ್ತಿದ್ದರು. ಕೊನೆಗೆ ಡಬ್ಬಿಂಗ್. ಹಿರಿಯ ಕಲಾವಿದೆ ತಮ್ಮದೇ ತುಟಿ ನೋಡಿಕೊಂಡು ಮಾತು ಹೇಳಲು ಕೂತರು. ಅವರ ಉಸಿರಿನ ಲಯ ಅವತ್ತಿಗೆ ಬೇರೆಯಾಗಿತ್ತು. ಮಾತು ತುಟಿಗಿಂತ ಮುಂದೆ ಓಡಿತು, ಇಲ್ಲವೇ ಹಿಂದೆ ಉಳಿಯಿತು.

ಮುಗಿದ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಕೆಟ್ಟದೆಂದು ಯಾರೂ ಅನ್ನಲಿಲ್ಲ. ಮನೆ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ ಎಂದರು. ಕಥೆಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ವಿದ್ಯಾರ್ಥಿನಿಗೆ ನೋವಾದದ್ದು ಅದಕ್ಕೆ.

ತಿರುವು

ಆಕೆಯ ಮೊದಲ ಯೋಚನೆ ಕಲಾವಿದೆಯನ್ನು ಬದಲಿಸುವುದು. ಧಾರಾವಾಹಿಯಲ್ಲಿ ಅನುಭವವಿರುವ ಒಬ್ಬರನ್ನು ಬೆಂಗಳೂರಿನಿಂದ ಕರೆಸಿ ತಾಯಿಯ ಶಾಟ್‌ಗಳನ್ನು ಮತ್ತೆ ತೆಗೆಯೋಣ ಎಂದುಕೊಂಡರು. ಹಣದ ಅಂದಾಜು ಕೂಡ ಹಾಕಿದ್ದರು. ಅದಕ್ಕೆ ಮೊದಲು ತೆಗೆದದ್ದನ್ನೆಲ್ಲ, ಬೇಡವೆಂದು ಬಿಟ್ಟದ್ದನ್ನೂ ಸೇರಿಸಿ, ತೆಗೆದ ಕ್ರಮದಲ್ಲೇ ಒಮ್ಮೆ ನೋಡಿ ಎಂದು ನಾನು ಹೇಳಿದೆ.

ಆ ತುಣುಕುಗಳಲ್ಲಿ ಮೊದಲ ದಿನದ ರಿಹರ್ಸಲ್ ಇತ್ತು. ಬೆಳಕು ಪರೀಕ್ಷಿಸಲೆಂದು ಬಾಗಿಲಲ್ಲಿ ಟ್ರೈಪಾಡ್ ಮೇಲೆ ಇಟ್ಟಿದ್ದ ಕ್ಯಾಮೆರಾ ಓಡುತ್ತಲೇ ಇತ್ತು. ಮಗಳು ಒಳಗೆ ಕಾಲಿಡುವಲ್ಲಿಂದ ಕಾಗದ ಮಡಿಸುವ ತನಕ, ನಡುವೆ ಎಲ್ಲೂ ನಿಲ್ಲದೆ, ಮೂವರೂ ಆಡಿದ್ದರು. ಮುಖಗಳು ಸಣ್ಣವು, ಒಬ್ಬರ ಬೆನ್ನು ಇನ್ನೊಬ್ಬರನ್ನು ಮುಚ್ಚುತ್ತಿತ್ತು, ಹೊರಗೆ ಪಂಪಿನ ಸದ್ದು. ಆದರೂ ದೃಶ್ಯ ಜೀವಂತವಾಗಿತ್ತು. ಇನ್ನೂ ಮುಖ್ಯವಾಗಿ, ಅಣ್ಣನ ಪಾತ್ರಧಾರಿಯೂ ಅಲ್ಲಿ ಬೇರೆ ಮನುಷ್ಯನಾಗಿದ್ದ. ತಾಯಿಯ ಧ್ವನಿ ಅವನ ಧ್ವನಿಯನ್ನು ಮೇಲಕ್ಕೆಳೆದಿತ್ತು. ಬಿಡಿ ಬಿಡಿ ಶಾಟ್‌ಗಳಲ್ಲಿ ತೂಕವಿಲ್ಲದೆ ಕಂಡ ಸಿಟ್ಟು ಅಲ್ಲಿ ನಿಜವಾಗಿತ್ತು.

ಅದನ್ನು ಎರಡು ಸಲ ನೋಡಿ ಆಕೆ ಒಂದೇ ಮಾತು ಹೇಳಿದರು: "ಸರ್, ಇವ್ರನ್ನ ನಿಲ್ಲಿಸ್ಬಾರ್ದು." ನಿಲ್ಲಿಸದೆ ಆಡಿಸಬೇಕು, ಆದರೂ ಮೂರು ಮುಖ ಹತ್ತಿರದಿಂದ ಕಾಣಬೇಕು. ಹಾಗಾದರೆ ಕ್ಯಾಮೆರಾ ಮೂರು ಇರಬೇಕು. ಆ ಸೌಕರ್ಯವಿರುವ ಜಾಗ ಕಾಲೇಜಿನ ಸ್ಟುಡಿಯೊ ಒಂದೇ. ಸಂದರ್ಶನದ ಯೋಜನೆ ಕೈಬಿಟ್ಟು, ಅದೇ ನಾಟಕವನ್ನು ಅದೇ ಮೂವರು ಕಲಾವಿದರೊಂದಿಗೆ ನಾಲ್ಕನೇ ಸೆಮಿಸ್ಟರಿನ ಕಾರ್ಯಕ್ರಮವಾಗಿ ಮಾಡುವುದೆಂದು ತೀರ್ಮಾನವಾಯಿತು.

ಸಹಪಾಠಿಗಳು ಒಪ್ಪಲಿಲ್ಲ. ಸ್ಟುಡಿಯೊದಲ್ಲಿ ಮಾಡಿದರೆ ಧಾರಾವಾಹಿಯಂತೆ ಕಾಣುತ್ತದೆ, ನಿಜವಾದ ಮಣ್ಣಿನ ಮನೆ ಬಿಟ್ಟು ಪ್ಲೈವುಡ್ ಗೋಡೆ ಯಾಕೆ ಎಂದರು. ಈ ಮಾತಿಗೆ ಇತಿಹಾಸದಲ್ಲೇ ಉತ್ತರವಿದೆ. ಬಳಕೆಗೆ ಬರುವಂಥ ವಿಡಿಯೊಟೇಪ್ ಯಂತ್ರ ಬಂದದ್ದು 1956ರಲ್ಲಿ. ಅದಕ್ಕೆ ಮೊದಲು ಟಿವಿ ನಾಟಕವೆಂದರೆ ಸ್ಟುಡಿಯೊದಲ್ಲಿ ಆದಿಯಿಂದ ಅಂತ್ಯದವರೆಗೆ ಆಡುತ್ತಿದ್ದದ್ದು, ಹಲವು ಕ್ಯಾಮೆರಾಗಳಿಂದ ಆ ಕ್ಷಣಕ್ಕೇ ಪ್ರಸಾರವಾಗುತ್ತಿದ್ದದ್ದು. ನಟರು ಬಂದದ್ದು ರಂಗಭೂಮಿಯಿಂದಲೇ. ನಮ್ಮ ಸೀಮೆಗೂ ಇದು ಪರಕೀಯವಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಸೈಟ್ (SITE, ಉಪಗ್ರಹ ಶಿಕ್ಷಣ ಟಿವಿ) ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಬಂತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳು. ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗೇ ಇತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗುವ ಮೊದಲೇ ಈ ಭಾಗದ ಹಳ್ಳಿಯವರು ಹೈದರಾಬಾದಿನ ಸ್ಟುಡಿಯೊದಲ್ಲಿ ತಯಾರಾದ ಕನ್ನಡ ಕಾರ್ಯಕ್ರಮ ನೋಡಿದ್ದರು. ಇದನ್ನು ತರಗತಿಯಲ್ಲಿ ಹೇಳಿದ ದಿನ ವಿದ್ಯಾರ್ಥಿನಿ ಮನೆಗೆ ಫೋನ್ ಮಾಡಿ ವಿಚಾರಿಸಿದರು. ಪಕ್ಕದ ಊರಿನ ಶಾಲೆಯಲ್ಲಿ ಅಂಥ ಪೆಟ್ಟಿಗೆ ಇದ್ದದ್ದು ಅವರ ಅಜ್ಜನಿಗೆ ನೆನಪಿತ್ತು.

ಸ್ಟುಡಿಯೊಗೆ ತಯಾರಿ

ಇಲ್ಲಿ ಆಕೆಯ ಕೆಲಸದ ರೀತಿಯೇ ಬದಲಾಗಬೇಕಾಯಿತು. ಒಂದು ಕ್ಯಾಮೆರಾದವರು ಹೆಚ್ಚಿನ ತೀರ್ಮಾನಗಳನ್ನು ಎಡಿಟಿಂಗ್ ಮೇಜಿಗೆ ಉಳಿಸಿಕೊಳ್ಳಬಹುದು. ಕಾಲೇಜಿನ ಸ್ಟುಡಿಯೊದಲ್ಲಿ ಸ್ವಿಚರ್‌ನಿಂದ, ಅಂದರೆ ಗುಂಡಿ ಒತ್ತಿ ಯಾವ ಕ್ಯಾಮೆರಾದ ಚಿತ್ರ ಬೇಕೆಂದು ಆರಿಸುವ ಯಂತ್ರದಿಂದ, ಹೊರಬಂದ ಒಂದು ಚಿತ್ರ ಮಾತ್ರ ದಾಖಲಾಗುತ್ತಿತ್ತು. ಮೂರೂ ಕ್ಯಾಮೆರಾಗಳನ್ನು ಬೇರೆ ಬೇರೆಯಾಗಿ ದಾಖಲಿಸುವ ಅನುಕೂಲ ಇರಲಿಲ್ಲ. ಆ ಕ್ಷಣ ಯಾವ ಕ್ಯಾಮೆರಾ ಆರಿಸಿದಿರೋ ಅದೇ ಕೊನೆ. ಹೀಗಾಗಿ ಎಡಿಟಿಂಗ್ ಎಂಬುದು ಚಿತ್ರೀಕರಣಕ್ಕೆ ಮೊದಲೇ, ಕಾಗದದ ಮೇಲೆ ನಡೆಯಬೇಕು.

ಖಾಲಿ ಕ್ಲಾಸ್‌ರೂಮಿನ ನೆಲದ ಮೇಲೆ ಟೇಪ್ ಅಂಟಿಸಿ ಸೆಟ್ಟಿನ ಅಳತೆ ಗುರುತು ಮಾಡಿ ರಿಹರ್ಸಲ್ ಶುರುವಾಯಿತು. ಈ ಸಲ ಕಲಾವಿದೆಗೆ ಯಾವ ಪದಕ್ಕೆ ಯಾವ ಕೈ ಎಂದು ಹೇಳಲಿಲ್ಲ. ಬದಲಿಗೆ ವಿದ್ಯಾರ್ಥಿನಿ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು: ಯಾವುದು ದಿನವೂ ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ. ಕೈ ಬದಲಾಗುತ್ತಿತ್ತು. ಆದರೆ ಎಲ್ಲಿ ಏಳಬೇಕು, ಯಾವ ಮಾತಿಗೆ ಮಗಳಿಂದ ಮಗನತ್ತ ತಿರುಗಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂಬ ದೊಡ್ಡ ತಿರುವುಗಳು ಒಂದು ದಿನವೂ ಜಾರಲಿಲ್ಲ. ರಾಗ ಹಿಗ್ಗಿಸುವ ಗಾಯಕಿ ತಾಳದ ಸಮಕ್ಕೆ ಸರಿಯಾಗಿ ಬಂದು ನಿಲ್ಲುವಂತೆ ಅವರು ಆ ಜಾಗಗಳಿಗೆ ಬಂದು ನಿಲ್ಲುತ್ತಿದ್ದರು. ಕ್ಯಾಮೆರಾ ಬದಲಾವಣೆಗಳನ್ನು ಆಕೆ ಆ ಜಾಗಗಳಲ್ಲೇ ಇಟ್ಟರು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಒಳ್ಳೆಯ ತೀರ್ಮಾನ ಇದು. ಉಳಿದದ್ದೆಲ್ಲ ಅದರ ಮೇಲೆ ನಿಂತಿತು.

ಹೀಗೆ ಕ್ಯಾಮೆರಾ ಸ್ಕ್ರಿಪ್ಟ್ ತಯಾರಾಯಿತು. ಒಂದು ಬದಿಗೆ ಮಾತು, ಇನ್ನೊಂದು ಬದಿಗೆ ಶಾಟ್ ಸಂಖ್ಯೆ, ಕ್ಯಾಮೆರಾ ಸಂಖ್ಯೆ, ಅಳತೆ. ಮಾತಿನ ನಡುವೆ ಕ್ಯಾಮೆರಾ ಬದಲಾಗುವಲ್ಲಿ ಒಂದು ಗೀಟು. ಒಬ್ಬೊಬ್ಬ ಕ್ಯಾಮೆರಾದವನಿಗೂ ಅವನ ಶಾಟ್‌ಗಳಷ್ಟೇ ಇರುವ ಕಾರ್ಡು ಬರೆದು ಕ್ಯಾಮೆರಾಕ್ಕೇ ಕಟ್ಟಿದರು. ಸೆಟ್ಟಿಗೆ ಮೂರು ಗೋಡೆ, ನಾಲ್ಕನೆಯ ಬದಿ ತೆರೆದದ್ದು. ಎಡಗಡೆಯ ಕ್ಯಾಮೆರಾ ಬಲಗಡೆ ಕೂತವರನ್ನು, ಬಲಗಡೆಯದು ಎಡಗಡೆಯವರನ್ನು, ನಡುವಿನದು ಎಲ್ಲರನ್ನೂ ಹಿಡಿಯುವ ಕ್ರಮ. ಮೂರೂ ತೆರೆದ ಬದಿಗೇ ಇರುವುದರಿಂದ ಗೆರೆ ದಾಟುವ ಸಮಸ್ಯೆ ತಾನಾಗಿಯೇ ಇಲ್ಲವಾಯಿತು.

ಬೆಳಕಿನಲ್ಲಿ ಒಂದು ನಷ್ಟ ಒಪ್ಪಿಕೊಳ್ಳಬೇಕಾಯಿತು. ಒಂದು ಕ್ಯಾಮೆರಾಕ್ಕೆ ಬೆಳಕು ಮಾಡುವಾಗ ಮುಖದ ಅರ್ಧವನ್ನು ಕತ್ತಲಲ್ಲಿ ಬಿಡಬಹುದು. ಮೂರು ದಿಕ್ಕಿನಿಂದ ನೋಡುವಾಗ ಒಬ್ಬರ ಮುಖ್ಯ ಬೆಳಕೇ ಇನ್ನೊಬ್ಬರ ಹಿಂಬೆಳಕಾಗಬೇಕು. ಕತ್ತಲೆಯ ಆಳ ಕಡಿಮೆಯಾಗುತ್ತದೆ. ಬೆಳಕಿಂಡಿಯ ಬಿಸಿಲಿಗಾಗಿ ಮೇಲಿನಿಂದ ಒಂದು ಗಟ್ಟಿ ಲೈಟು ಹಾಕಿ, ಮುಂದೆ ಚೌಕ ಕೊರೆದ ರಟ್ಟು ಹಿಡಿದರು. ಈ ಬಿಸಿಲು ಗೋಡೆ ಏರಲಿಲ್ಲ. ಮೂರೂ ಕ್ಯಾಮೆರಾಗಳಿಗೆ ಒಂದೇ ಬೆಳಕಿನಡಿ ಒಂದೇ ಬಿಳಿ ಹಾಳೆ ತೋರಿಸಿ ವೈಟ್ ಬ್ಯಾಲೆನ್ಸ್ ಮಾಡಿದರು. ಇಲ್ಲದಿದ್ದರೆ ಕ್ಯಾಮೆರಾ ಬದಲಾದಾಗಲೆಲ್ಲ ತಾಯಿಯ ಸೀರೆಯ ಬಣ್ಣವೂ ಬದಲಾಗುತ್ತದೆ. ಪರೀಕ್ಷೆಯಲ್ಲಿ ಒಂದು ಅಗ್ಗದ ಎಲ್ಇಡಿ ಟ್ಯೂಬಿನಿಂದ ಪರದೆಯ ಮೇಲೆ ಪಟ್ಟಿ ಓಡುತ್ತಿತ್ತು. ನಮ್ಮ ವಿದ್ಯುತ್ತು 50 ಹರ್ಟ್ಸ್, ದಾಖಲೆ ಸೆಕೆಂಡಿಗೆ 25 ಫ್ರೇಮು. ವಿದ್ಯುತ್ತಿನ ಮಿನುಗಿಗೆ ಹೊಂದುವಂತೆ ಮೂರರಲ್ಲೂ ಶಟರ್ (ಒಂದೊಂದು ಫ್ರೇಮು ಬೆಳಕು ಹಿಡಿಯುವ ಹೊತ್ತು) 1/50 ಸೆಕೆಂಡಿಗೆ ಇಟ್ಟು, ಆ ಟ್ಯೂಬು ತೆಗೆದಾಗ ಸರಿಹೋಯಿತು. ಧ್ವನಿಗೆ ತಲೆಯ ಮೇಲೆ ಬೂಮ್, ಅಂದರೆ ಉದ್ದ ಕೋಲಿಗೆ ಕಟ್ಟಿದ ಮೈಕು, ಜೊತೆಗೆ ಲೇಪಲ್. ಈ ಸಲ ಮೈಕಿನ ಮಟ್ಟವನ್ನು ಕಲಾವಿದೆಯ ಅತಿ ಏರಿದ ಮಾತಿಗೆ ಹೊಂದಿಸಿದರು.

ಮೊದಲ ಓಟ ಕೆಟ್ಟಿತು

ಇಷ್ಟೆಲ್ಲ ಆದ ಮೇಲೂ ಮೊದಲ ದಿನದ ರೆಕಾರ್ಡಿಂಗ್ ಕೆಟ್ಟಿತು. ವಿದ್ಯಾರ್ಥಿನಿ ಕಂಟ್ರೋಲ್ ರೂಮಿನಲ್ಲಿ ಕೂತು ಒಂದೇ ಮಾನಿಟರ್ ನೋಡುತ್ತಿದ್ದರು, ತಾಯಿಯದು. ಸಣ್ಣ ತಪ್ಪಾದರೂ "ಕಟ್" ಎನ್ನುತ್ತಿದ್ದರು. ಒಂದು ಕ್ಯಾಮೆರಾದ ಚಿತ್ರೀಕರಣದಲ್ಲಿ ಕಟ್ ಎಂದರೆ ಅರ್ಧ ನಿಮಿಷದ ವಿಷಯ. ಇಲ್ಲಿ ಮೂರು ಕ್ಯಾಮೆರಾ, ಬೂಮ್, ಸ್ವಿಚರ್, ನಟರು ಎಲ್ಲ ಮತ್ತೆ ಮೊದಲ ಜಾಗಕ್ಕೆ ಹೋಗಬೇಕು. ಸದ್ದಾಗುತ್ತದೆಂದು ಏಸಿ ಬೇರೆ ಆರಿಸಿದ್ದರಿಂದ ಬಳ್ಳಾರಿಯ ಬಿಸಿಲಿನ ಜೊತೆ ಲೈಟಿನ ಬಿಸಿಯೂ ಸೇರಿ ಎಲ್ಲರೂ ಬಸವಳಿದರು. ಸ್ವಿಚರ್ ಒತ್ತುವ ಗೆಳೆಯನಿಗೆ ಆಜ್ಞೆ ಬರುತ್ತಿದ್ದದ್ದು ಮಾತು ಮುಗಿದ ಮೇಲೆ. ಅವನು ಪ್ರತಿ ಸಲ ತಡ.

ಸಂಜೆ ಎಲ್ಲರೂ ಕೂತು ಮೂರು ಬದಲಾವಣೆ ಮಾಡಿಕೊಂಡರು. ಯಾರಿಗಾದರೂ ಪೆಟ್ಟಾಗದ ಹೊರತು ಕೊನೆಯ ತನಕ ಕಟ್ ಇಲ್ಲ. ಪ್ರತಿ ಬದಲಾವಣೆಗೂ ಮೊದಲು ಎಚ್ಚರಿಕೆ: "ಮೂರು ರೆಡಿ", ಆಮೇಲೆ "ಮೂರು". ಫ್ಲೋರ್ ಮ್ಯಾನೇಜರ್ ಕಲಾವಿದರ ಕಣ್ಣಿಗೆ ಬೀಳುವಲ್ಲಿ ನಿಂತು ಕೈಸನ್ನೆಯಿಂದ ಶುರುಮಾಡಿಸಬೇಕು. ಈ ಕೈಸನ್ನೆ ಕಂಡು ಹಿರಿಯ ಕಲಾವಿದೆ, "ಪರದಿ ಬಾಜೂ ನಿಂತು ನಮ್ಮ ಮಾಸ್ತರು ಹಿಂಗ ಮಾಡ್ತಿದ್ರು. ಇದನ್ನ ಮದ್ಲ ಹೇಳ್ಬಾರ್ದಾ ತಂಗೀ" ಎಂದರು. ಅಲ್ಲಿಂದ ಸ್ಟುಡಿಯೊ ಅವರಿಗೆ ಹೊಸ ಜಾಗವಾಗಿ ಉಳಿಯಲಿಲ್ಲ.

ನಾಲ್ಕನೆಯ ಬದಲಾವಣೆ ವಿದ್ಯಾರ್ಥಿನಿಯದೇ. ಹಾಸ್ಟೆಲಿನ ಕೆಲವು ಹುಡುಗಿಯರನ್ನು, ಕಾಲೇಜಿನ ಕಸಗುಡಿಸುವ ಇಬ್ಬರು ಅವ್ವಂದಿರನ್ನು ನಡುವಿನ ಕ್ಯಾಮೆರಾದ ಹಿಂದೆ ನೆಲದ ಮೇಲೆ ಕೂರಿಸಿದರು. ಕೆಮ್ಮು, ಬಳೆಯ ಸದ್ದು ದಾಖಲಾಗುತ್ತದೆ ಎಂದು ಧ್ವನಿ ನೋಡಿಕೊಳ್ಳುವವನು ವಿರೋಧಿಸಿದ. ಆಕೆ ಕೇಳಲಿಲ್ಲ. ಹಳ್ಳಿಯಲ್ಲಿ ಲೈಟಿನ ಸ್ಟ್ಯಾಂಡಿನ ಮುಂದೆ ಕಲಾವಿದೆ ಕೇಳಿದ ಪ್ರಶ್ನೆಗೆ ಇದು ಉತ್ತರ. ಕಂಪನಿ ನಾಟಕದವರು ದೊಡ್ಡ ಮಾತು ಬಂದಾಗ ಜನರತ್ತ ಮುಖ ಮಾಡುತ್ತಾರೆ. ಮೊದಲು ಅದನ್ನೇ ತಪ್ಪೆಂದು ತಿದ್ದಿದ್ದರು. ಈಗ ಆ ಮುಖ ತಿರುಗುವ ಕಡೆಯಲ್ಲೇ ಜನರಿದ್ದರು, ಅವರ ಮುಂದೆ ಸ್ವಲ್ಪ ತಗ್ಗಿನಲ್ಲಿ ಕ್ಯಾಮೆರಾ ಇತ್ತು. ದೃಷ್ಟಿ ಲೆನ್ಸಿನ ಸ್ವಲ್ಪವೇ ಮೇಲೆ ಹಾದುಹೋಗುತ್ತಿತ್ತು.

ಮರುದಿನದ ಓಟದಲ್ಲಿ ಅಣ್ಣನ ಪಾತ್ರಧಾರಿ ಮಾತು ಮರೆತ. ಕಾಗದ ಮುಂದಿಟ್ಟು ಪೆನ್ನು ಕೊಡುವ ಜಾಗ. ಮೌನ. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ವಿದ್ಯಾರ್ಥಿನಿಯ ಮುಖ ನೋಡಿದರು. ಕಟ್ ಬರಲಿಲ್ಲ. ಅಷ್ಟರಲ್ಲಿ ತಾಯಿ ಉಂಡಿ ತಟ್ಟೆಯನ್ನು ಮಗನ ಮುಂದೆ ಸರಿಸಿ, "ತಿನ್ನಪಾ. ಬರೇ ಬಾಯಾಗ ಇಂಥಾ ಮಾತು ಬರಾಂಗಿಲ್ಲ" ಎಂದರು. ಸ್ಕ್ರಿಪ್ಟಿನಲ್ಲಿಲ್ಲದ ಮಾತು. ರಂಗದ ಮೇಲೆ ಜೊತೆಯವರು ಮಾತು ತಪ್ಪಿದಾಗ ಎತ್ತಿಕೊಂಡು ಹೋಗುವ ಅಭ್ಯಾಸ ಅವರದು. ಕ್ಯಾಮೆರಾ ಸ್ಕ್ರಿಪ್ಟಿನ ಪ್ರಕಾರ ಅಲ್ಲಿ ತಾಯಿಯ ಮುಖಕ್ಕೆ ಹೋಗಬೇಕು. ಸ್ವಿಚರ್‌ನವನ ಬೆರಳು ಆಗಲೇ ಗುಂಡಿಯ ಮೇಲಿತ್ತು. ಆಕೆ "ಮೂರರಲ್ಲೇ ಇರು" ಎಂದರು. ಮೂರರಲ್ಲಿ ತಂಗಿಯ ಮುಖವಿತ್ತು. ತಾಯಿಯ ಮಾತು ಕೇಳುತ್ತ ಆ ಹುಡುಗಿ ಕಾಗದ ನೋಡಿ, ಅಣ್ಣನ ಕೈ ನೋಡಿದಳು. ತಾಯಿ ಯಾರ ಪರ ಎಂಬುದು ತಂಗಿಗೂ ಗೊತ್ತಾಗಲಿಲ್ಲ, ನೋಡುವವರಿಗೂ ಗೊತ್ತಾಗಲಿಲ್ಲ. ಮುಗಿದ ನಾಟಕದಲ್ಲಿ ಆ ಮಾತು, ಆ ಶಾಟ್ ಹಾಗೇ ಉಳಿದಿವೆ.

ಫಲಿತಾಂಶ, ಮತ್ತು ಉಳಿದ ಪ್ರಶ್ನೆಗಳು

ಹಳ್ಳಿಯಲ್ಲಿ ತೆಗೆದದ್ದೆಲ್ಲ ವ್ಯರ್ಥವಾಗಲಿಲ್ಲ. ಒಣಗಿದ ನಾಲೆಯ ಏರಿಯ ಮೇಲೆ ಅಣ್ಣ ಒಬ್ಬನೇ ನಡೆಯುವ ಶಾಟ್‌ಗಳನ್ನು ಆಕೆ ನಾಟಕದ ನಡುವೆ ಸೇರಿಸಿದರು. ಒಳಾಂಗಣ ಸ್ಟುಡಿಯೊದಲ್ಲಿ, ಹೊರಾಂಗಣ ಫಿಲ್ಮಿನಲ್ಲಿ ಎಂಬುದು ಹಳೆಯ ಟಿವಿ ನಾಟಕಗಳ ಪದ್ಧತಿಯೇ. ಎರಡರ ಬಣ್ಣ ಬೇರೆಯಾಗಿ ಕಾಣುತ್ತಿತ್ತು, ಪೂರ್ತಿ ಹೊಂದಿಸಲಾಗಲಿಲ್ಲ. ಆದರೆ ಊರಲ್ಲಿ ದಾಖಲಿಸಿದ್ದ ಪಂಪಿನ ಸದ್ದನ್ನು ಸ್ಟುಡಿಯೊ ದೃಶ್ಯದ ಅಡಿಯಲ್ಲಿ ಸಣ್ಣಗೆ ಓಡಿಸಿದಾಗ ಪ್ಲೈವುಡ್ ಗೋಡೆಯ ಆಚೆ ಒಂದು ಊರು ಇದೆ ಎಂಬುದು ನಂಬುವಂತಾಯಿತು. ಮೆತ್ತಗೆ ಮಾತಾಡುವ ಆ ಸಹಪಾಠಿಯ ಅತ್ಯುತ್ತಮ ಅಭಿನಯ ಇರುವುದು ನಾಲೆಯ ಏರಿಯ ಮೇಲೆ, ಒಂದೇ ಕ್ಯಾಮೆರಾದ ಮುಂದೆ, ಮಾತೇ ಇಲ್ಲದ ಕಡೆ. ಸ್ಟುಡಿಯೊ ಅವನಿಗೆ ಒಗ್ಗಲಿಲ್ಲ. ಆದ್ದರಿಂದ ಈ ಪ್ರಕರಣವನ್ನು ಸ್ಟುಡಿಯೊ ಗೆದ್ದ ಕಥೆಯಾಗಿ ಓದಬಾರದು. ಯಾವ ನಟನಿಗೆ ಯಾವ ವಿಧಾನ ಎಂದು ಒಂದೇ ಚಿತ್ರದೊಳಗೂ ಬೇರೆ ಬೇರೆ ತೀರ್ಮಾನ ಮಾಡಬೇಕಾಗುತ್ತದೆ.

ಹೊರಗಿನಿಂದ ಬಂದ ಪರೀಕ್ಷಕರು ತಾಯಿಯ ಅಭಿನಯ ರಂಗದ್ದು, ಪರದೆಯದಲ್ಲ ಎಂದು ಟಿಪ್ಪಣಿ ಬರೆದರು. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಗದ ತಾಯಂದಿರು ಜಗಳದಲ್ಲಿ ಪಿಸುಗುಡುವುದಿಲ್ಲ. ಓಣಿಗೆ ಕೇಳಿಸಲೆಂದೇ ಮಾತಾಡುತ್ತಾರೆ, ಓಣಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಆ ಧ್ವನಿಯನ್ನು ಇಳಿಸಿದರೆ ನಮ್ಮ ಬದುಕಿನ ಅಳತೆಯೇ ತಪ್ಪುತ್ತದೆ. ಆದರೆ ಪರೀಕ್ಷಕರ ಇನ್ನೊಂದು ಮಾತು ಸರಿ: ಒಂದು ಕಡೆ ಕ್ಯಾಮೆರಾ ಬದಲಾವಣೆ ತಡವಾಗಿ, ತಂಗಿ ಎದ್ದು ನಿಂತ ಕ್ಷಣ ಫ್ರೇಮಿನಲ್ಲಿ ತಲೆ ಕತ್ತರಿಸಿದೆ. ಬೇರೆ ದಾಖಲೆ ಇಲ್ಲದ್ದರಿಂದ ಅದನ್ನು ಸರಿಪಡಿಸಲು ದಾರಿ ಇರಲಿಲ್ಲ.

ಊರಿನ ಸಮುದಾಯ ಭವನದಲ್ಲಿ ತೋರಿಸಿದಾಗ ಮಾತು ಕಥೆಯ ಮೇಲೇ ಬಂತು. ತಾವು ಯಾವಾಗ, ಯಾರ ಮುಂದೆ, ಏನು ಓದದೆ ಸಹಿ ಮಾಡಿದೆವು ಎಂದು ಹೆಂಗಸರು ಹೇಳಿಕೊಂಡರು. ಹಿರಿಯ ರೈತರೊಬ್ಬರು ಮಾತ್ರ ಅಣ್ಣನ ಸಾಲದ ಮಾತು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ನೀರು ಬರದ ಹೊಲ ಹಿಡಿದುಕೊಂಡವನ ಪಾಡೂ ಬರಬೇಕಿತ್ತು ಎಂದರು. ವಿದ್ಯಾರ್ಥಿನಿ ಅದನ್ನು ಬರೆದುಕೊಂಡರು. ಮುಂದಿನ ಸ್ಕ್ರಿಪ್ಟನ್ನು ಅಣ್ಣನ ಕಡೆಯಿಂದ ಬರೆಯುತ್ತಿದ್ದಾರೆ.

ಇಲಾಖೆಯಲ್ಲಿ ಆದ ಬದಲಾವಣೆ ಸಣ್ಣದು, ಆದರೆ ಬೇರೆಡೆ ಕಲಿಸುವವರಿಗೂ ಬಳಕೆಗೆ ಬರಬಹುದು. ಈಗ ಕಿರುನಾಟಕಕ್ಕೆ ಶಾಟ್ ಪಟ್ಟಿ ಬರೆಯುವ ಮೊದಲು ಒಂದು ಇಡೀ ರಿಹರ್ಸಲನ್ನು ದೂರದ ಕ್ಯಾಮೆರಾದಲ್ಲಿ ನಿಲ್ಲಿಸದೆ ದಾಖಲಿಸಬೇಕು. ಅದನ್ನು ಎಲ್ಲರೂ ಕೂತು ನೋಡಿ, ನಟರು ಎಲ್ಲಿ ಜೀವ ತುಂಬುತ್ತಾರೆ, ನಿಲ್ಲಿಸಿದರೆ ಏನು ಕಳೆದುಹೋಗುತ್ತದೆ ಎಂದು ಬರೆದ ಮೇಲೆಯೇ ಒಂದು ಕ್ಯಾಮೆರಾ ಬೇಕೋ ಮೂರು ಬೇಕೋ ಎಂಬ ಚರ್ಚೆ. ಸೆಮಿಸ್ಟರಿನ ಕ್ರಮವನ್ನೂ ಹಿಂದುಮುಂದಾಗಿ ಮಾಡಿಕೊಳ್ಳಲು ವಿದ್ಯಾರ್ಥಿಗಳಿಗೆ ಅವಕಾಶವಿದೆ.

ಸಂಭಾವನೆಯ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಕಂಪನಿ ನಾಟಕದವರಿಗೆ ಒಂದು ಪ್ರಯೋಗಕ್ಕೆ ಇಷ್ಟು ಎಂಬ ಲೆಕ್ಕ. ಚಿತ್ರೀಕರಣದವರದು ದಿನದ ಲೆಕ್ಕ. ಹಳ್ಳಿಯಲ್ಲಿ ಇಡೀ ದಿನ ಒಂದೇ ಮಾತನ್ನು ಹತ್ತಾರು ಸಲ ಆಡಿಸಿ ಒಂದು ದಿನದ ಹಣ ಕೊಟ್ಟದ್ದು ಹಿರಿಯ ಕಲಾವಿದೆಗೆ ಅನ್ಯಾಯವೆನಿಸಿತ್ತು. ಅವರು ಹೇಳಿದ್ದು ಬಹಳ ತಡವಾಗಿ. ಸ್ಟುಡಿಯೊದಲ್ಲಿ ವಿದ್ಯಾರ್ಥಿನಿ ಪ್ರತಿ ಪೂರ್ಣ ಓಟವನ್ನೂ ಒಂದು ಪ್ರಯೋಗವೆಂದು ಲೆಕ್ಕ ಹಿಡಿದು ಹಣ ಕೊಟ್ಟರು, ಕೆಟ್ಟ ಓಟಕ್ಕೂ ಸೇರಿಸಿ. ಆ ಖರ್ಚನ್ನು ವಿದ್ಯಾರ್ಥಿಗಳೇ ಹಂಚಿಕೊಂಡರು. ಹೊರಗಿನ ಕಲಾವಿದರಿಗೆ ಕೊಡಲು ಪ್ರಾಜೆಕ್ಟಿನ ಖರ್ಚಿನಲ್ಲೇ ಒಂದು ಬಾಬ್ತು ಇರಬೇಕೆಂದು ಆಕೆ ಇಲಾಖೆಗೆ ಅರ್ಜಿ ಬರೆದಿದ್ದಾರೆ. ಮೂರೂ ಕ್ಯಾಮೆರಾ ಬೇರೆ ಬೇರೆ ದಾಖಲಿಸುವ ಯಂತ್ರಕ್ಕೂ ಅದೇ ಅರ್ಜಿಯಲ್ಲಿ ಕೇಳಿದ್ದಾರೆ, ಕಲಾವಿದರ ಬಾಬ್ತನ್ನು ಮಾತ್ರ ಅದಕ್ಕಿಂತ ಮೇಲೆ ಇಟ್ಟಿದ್ದಾರೆ.